ಮಹಾಶರಣೆ ಆಯ್ದಕ್ಕಿ ಲಕ್ಕಮ್ಮ

ಶರಣಧರ್ಮವು ಸಂಸಾರವನ್ನು ಹೇಯವೆಂದು ಬಗೆಯಲಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ನೆರೆದ ಶಿವಶರಣರಲ್ಲಿ ಬಹುಮಂದಿ ಗೃಹಸ್ಥರೇ ಆಗಿದ್ದರು. ಸತಿಪತಿಗಳೀರ್ವರೂ ಇಷ್ಟಲಿಂಗವನ್ನು ಧರಿಸಿದ ಬಳಿಕ ಅವರ ನಂಟು ಕೇವಲ ದೇಹದ ನಂಟಾಗಿ ನಿಲ್ಲದು. ಒಬ್ಬರ ವ್ರತವನ್ನು ಇನ್ನೊಬ್ಬರು ಕಾಯುವ ಹೊಣೆ ಅದರೊಡನೆ ಬರುವುದು. ಈ ಹೊಣೆಯನ್ನು ಎಳ್ಳಷ್ಟೂ ಸಡಿಲಗೊಡದೆ ನಡೆಯಿಸಿದ ಮಹಾತಾಯಿ ಆಯ್ದಕ್ಕಿ ಲಕ್ಕಮ್ಮನವರು.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರವು ಲಕ್ಕಮ್ಮನವರ ಮತ್ತು ಅವರ ಪತಿ ಮಾರಯ್ಯನವರ ಸ್ಥಳ. ಬಸವಣ್ಣನವರ ಕೀರ್ತಿಯನ್ನು ಕೇಳಿ ದಂಪತಿಗಳು ಕಲ್ಯಾಣಕ್ಕೆ ಬಂದು ನೆಲೆಸಿದರು. ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹ. ಅಲ್ಲಿಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯ್ದು ತರುವುದೇ ಮಾರಯ್ಯನವರ ಕಾಯಕ. ಆ ಅಕ್ಕಿಯಿಂದ ಅಡಿಗೆ ಮಾಡಿ, ಲಿಂಗಕ್ಕೆ ಅರ್ಪಿಸಿ, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಆ ಮನೆಯ ನೇಮ. ಅಂದಂದಿಗೆ ಬೇಕಾದಷ್ಟೇ ತರಬೇಕು, ನಾಳೆಗೆಂದು ಕೂಡಿಡಲಾಗದು. ಮಣ್ಣಿನಿಂದ ಕಾಳನ್ನು ಬಿಡಿಸಿ ತೆಗೆಯುವ ಈ ಕೆಲಸಕ್ಕೆ ಲೋಕದ ಕಣ್ಣಿನಲ್ಲಿ ಏನು ಗೌರವವಿದ್ದೀತು? ಆದರೂ ಅದೇ ಅವರ ಹೆಸರಿನೊಡನೆ ಬಿರುದಾಗಿ ಸೇರಿಕೊಂಡಿತು.

ಒಂದು ದಿನ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಕುಳಿತು ಮೈಮರೆತರು. ಹೊತ್ತು ಏರಿತು. ಲಕ್ಕಮ್ಮನವರು ಪತಿಯ ಬಳಿಗೆ ಬಂದು, ಕಾಯಕವು ನಿಂತುಹೋಗಿದೆ, ಬೇಗನೆ ಹೋಗಬೇಕೆಂದು ಎಚ್ಚರಿಸಿದರು. ಗೋಷ್ಠಿಯೆಂತಹ ಪವಿತ್ರವಾದುದಾದರೂ ಕಾಯಕಕ್ಕೆ ಬದಲಾಗದೆಂಬುದು ಆ ತಾಯಿಯ ನಿಲುವು. ಮಾರಯ್ಯನವರು ಅವಸರದಿಂದ ಎದ್ದು ಹೋದರು. ಅಂದು ಅಂಗಳದಲ್ಲಿ ಎಂದಿಗಿಂತ ಹೆಚ್ಚಾಗಿ ಅಕ್ಕಿ ಚೆಲ್ಲಿತ್ತು. ಬಸವಣ್ಣನವರೇ ಪರೀಕ್ಷೆಗೆಂದು ಹಾಗೆ ಚೆಲ್ಲಿಸಿದರೆಂದು ಹೇಳುವುದುಂಟು. ಮಾರಯ್ಯನವರು ಅದೆಲ್ಲವನ್ನೂ ಆಯ್ದು, ಸಂತೋಷದಿಂದಲೇ ಮನೆಗೆ ತಂದರು.

ಲಕ್ಕಮ್ಮನವರು ಕಂಡೊಡನೆಯೇ ಅಳತೆ ಮೀರಿದುದನ್ನು ಅರಿತರು. ಇಷ್ಟಕ್ಕೆ ಆಸೆಪಟ್ಟವರು ಯಾರು, ಗಂಡನ ಮನಸ್ಸೋ, ಬಸವಣ್ಣನವರ ಸಂಶಯವೋ ಎಂದು ಕೇಳಿದರು. ಆಸೆ ಅರಸರಿಗೆ ಒಪ್ಪೀತು, ಶಿವಭಕ್ತನಿಗೆ ಅದು ತಕ್ಕುದಲ್ಲವೆಂದರು. ನೇಮವನ್ನು ಮೀರಿ ಬಂದ ಅಕ್ಕಿಯು ಲಿಂಗದ ನೈವೇದ್ಯಕ್ಕೆ ಸಲ್ಲದು. ತಂದ ಎಡೆಯಲ್ಲಿಯೇ ಸುರಿದು ಬರಬೇಕೆಂದು ಹೇಳಿದರು. ಮಾರಯ್ಯನವರು ಮರುಮಾತನಾಡದೆ ಹಿಂದಿರುಗಿ ಹೋಗಿ ಸುರಿದು ಬಂದರು.

ವಾಚಕ ಬಂಧುಗಳು ಇಲ್ಲಿ ತುಸು ನಿಂತು ಯೋಚಿಸಬೇಕು. ಆ ಮನೆಯಲ್ಲಿ ಮರುದಿನಕ್ಕೆ ಒಂದು ಹಿಡಿ ಅಕ್ಕಿಯಿರಲಿಲ್ಲ. ತಂದವನು ಕಳವು ಮಾಡಿದವನಲ್ಲ, ಯಾರನ್ನೂ ವಂಚಿಸಿದವನಲ್ಲ. ಆದರೂ ಹೆಂಡತಿಯು ಬೇಡವೆಂದಳು. ನಮ್ಮ ಮನೆಗಳಲ್ಲಿ ಯಜಮಾನನು ಹೆಚ್ಚಿನ ಗಳಿಕೆಯನ್ನು ತಂದ ಸಂಜೆ, ಅದು ಬಂದ ದಾರಿಯನ್ನು ಕೇಳುವ ಗೃಹಿಣಿಯರು ಎಷ್ಟು ಮಂದಿ? ಕೇಳಿದಲ್ಲಿ ಸಿಟ್ಟಾಗದ ಗಂಡಂದಿರು ಎಷ್ಟು ಮಂದಿ? ಲಕ್ಕಮ್ಮನವರ ದಿಟ್ಟತನವನ್ನು ಎಲ್ಲರೂ ಕೊಂಡಾಡುತ್ತಾರೆ. ಮಾರಯ್ಯನವರು ಸುಮ್ಮನೆ ಹಿಂದಿರುಗಿ ನಡೆದ ಆ ನಡಿಗೆಯು ಅದಕ್ಕಿಂತ ಸುಲಭವಾದುದಲ್ಲವೆಂದು ನಮಗೆ ತೋರುತ್ತದೆ.

ಬಡತನವು ಒಡಲಿಗೆ ಇರಬಹುದು, ಮನಸ್ಸಿಗೆ ಬರಲಾರದೆಂದು ಲಕ್ಕಮ್ಮನವರು ನಂಬಿದ್ದರು. ಆ ನಂಬಿಕೆಯಿಂದಲೇ ದಂಪತಿಗಳು ಬಸವಾದಿ ಶರಣರೆಲ್ಲರನ್ನೂ ತಮ್ಮ ಗುಡಿಸಲಿಗೆ ದಾಸೋಹಕ್ಕೆ ಕರೆದರು. ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಆ ಆಯ್ದ ಅಕ್ಕಿಯ ಪ್ರಸಾದದಿಂದ ತೃಪ್ತರಾದರೆಂದು ಪರಂಪರೆಯು ಹೇಳುತ್ತದೆ.

ಇಷ್ಟೆಲ್ಲ ನಡೆಸಿದ ಮೇಲೆ ಮಾರಯ್ಯನವರಲ್ಲಿ ತಾನು ಮಾಡಿದೆ, ತಾನು ನೀಡಿದೆ, ಇನ್ನು ಕೈಲಾಸವು ದೊರೆಯುವುದೆಂಬ ಎಣಿಕೆಯು ಮೂಡಿತು. ಸತಿಯಾದವಳು ಅದನ್ನೂ ಬಿಡಲಿಲ್ಲ. ದುಡಿದುದಕ್ಕೆ ಎಣಿಸಿ ಕೊಡುವ ಕೂಲಿಯಲ್ಲ ಕೈಲಾಸ. ಮುಂದಿನ ಫಲವನ್ನು ಬಯಸದೆ, ಹಿಂದಿನದನ್ನು ನೆನೆಯದೆ ಇದ್ದಲ್ಲಿ, ಲಿಂಗವಿರುವ ಸ್ಥಳವೇ ಕೈಲಾಸವೆಂದು ತಿಳುಹಿದರು. ಮೊದಲು ಹೆಚ್ಚಿನ ಅಕ್ಕಿಯನ್ನು ಮರಳಿಸಿದಾಕೆ ಈಗ ಹೆಚ್ಚಿನ ಪುಣ್ಯದ ಆಸೆಯನ್ನೂ ಮರಳಿಸಿದಂತಾಯಿತು. ಪತಿಯು ಶಿಷ್ಯನಂತೆ ಕೇಳಿದನು. ಆದರೆ ಸತಿಯು ತಾನು ಗುರುವೆಂದು ಬೀಗಲಿಲ್ಲ.

ಅದಕ್ಕೆ ಅವರ ಅಂಕಿತವೇ ಸಾಕ್ಷಿ. ಮಾರಯ್ಯನವರ ಅಂಕಿತವು ಅಮರೇಶ್ವರಲಿಂಗ. ಲಕ್ಕಮ್ಮನವರು ಅದಕ್ಕೆ ಪತಿಯ ಹೆಸರನ್ನು ಮುಂದಿಟ್ಟು, ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು ಇರಿಸಿಕೊಂಡರು. ಗಂಡನನ್ನು ಕಟುವಾಗಿ ತಿದ್ದಿದ ವಚನಗಳೂ ಆತನ ಹೆಸರಿನಿಂದಲೇ ಮುಗಿಯುತ್ತವೆ. ಇಂದು ದೊರೆತಿರುವ ಆಕೆಯ ವಚನಗಳು 25. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಉಂಟು. ಅದು ಮಾರಯ್ಯನವರ ಹೆಸರಿನಲ್ಲಿದೆ, ಅದರಲ್ಲಿ ಬೋಧಿಸುವವರು ಲಕ್ಕಮ್ಮನವರು.