ಕಣಗಳ ಲೆಕ್ಕ ಕೊಟ್ಟ ವಾಂಟ್ ಹಾಫ್

ಬೀದರ್ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ವಾಂತಿಭೇದಿಯಿಂದ ಬಳಲಿದ ಮಗುವಿಗೆ ತಾಯಿ ಕಲಸಿ ಕುಡಿಸುವ ಓ.ಆರ್.ಎಸ್. ಪೊಟ್ಟಣದ ಹಿಂದೆ ಡಚ್ ರಸಾಯನವಿಜ್ಞಾನಿಯೊಬ್ಬರ ಲೆಕ್ಕವಿದೆ. ಅವರು ಯಾಕೋಬಸ್ ಹೆನ್ರಿಕಸ್ ವಾಂಟ್ ಹಾಫ್.

1852ರಲ್ಲಿ ರಾಟರ್‌ಡ್ಯಾಮಿನಲ್ಲಿ ಹುಟ್ಟಿದ ಅವರು 1874ರಲ್ಲಿಯೇ, ಇಂಗಾಲದ ಬಂಧಗಳು ನಾಲ್ಕು ಮೂಲೆಗಳತ್ತ ಚಾಚಿಕೊಂಡಿವೆ ಎಂದು ಪ್ರತಿಪಾದಿಸಿದರು. ಆಗ ಅವರಿನ್ನೂ ತರುಣ. ಮುಂದೆ ಸಿಕ್ಕ ಕೆಲಸವೂ ಉಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿ. ಜರ್ಮನಿಯ ಹಿರಿಯ ರಸಾಯನವಿಜ್ಞಾನಿ ಕೋಲ್ಬೆ, ಈತ ಆ ಶಾಲೆಯಿಂದಲೇ ಹಾರುವ ಕುದುರೆಯನ್ನು ಎರವಲು ತಂದಿರಬೇಕೆಂದು ಮೂದಲಿಸಿದರು. ಇಂದು ಪಠ್ಯಪುಸ್ತಕಗಳಲ್ಲಿ ಉಳಿದಿರುವುದು ಕುದುರೆ ಏರಿದವರ ಸಿದ್ಧಾಂತವೇ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಅವರಿಗೆ ಫೆಫರ್ ನಡೆಸಿದ್ದ ಪ್ರಯೋಗಗಳ ವಿಷಯ ತಿಳಿಸಿದರು. ಸಕ್ಕರೆ ದ್ರಾವಣ ತೆಳುಪೊರೆಯ ಮೂಲಕ ನೀರನ್ನು ಎಳೆದುಕೊಳ್ಳುವಾಗ ಉಂಟಾಗುವ ಒತ್ತಡದ ಅಳತೆಗಳವು. ಕರಗಿದ ವಸ್ತುವಿನ ಕಣಗಳು ಅನಿಲದ ಕಣಗಳ ಸೂತ್ರವನ್ನೇ ಪಾಲಿಸುತ್ತವೆಂದು ವಾಂಟ್ ಹಾಫ್ ಕಂಡುಕೊಂಡರು. ಆದರೆ ಉಪ್ಪಿನ ಒತ್ತಡ ಮಾತ್ರ ಹೆಚ್ಚುಕಡಿಮೆ ಇಮ್ಮಡಿ ಬರುತ್ತಿತ್ತು. ಕಾರಣ ತಿಳಿಯದಿದ್ದರೂ ಆ ವ್ಯತ್ಯಾಸವನ್ನು ಮರೆಮಾಚದೆ, ಅದಕ್ಕೊಂದು ಗುಣಕವನ್ನು ಸೂತ್ರದೊಳಗೇ ಕೂರಿಸಿದರು. 1901ರಲ್ಲಿ ಬಂದ ರಸಾಯನಶಾಸ್ತ್ರದ ಮೊದಲ ನೊಬೆಲ್‌ಗಿಂತಲೂ ಈ ಪ್ರಾಮಾಣಿಕತೆಯೇ ನನಗೆ ದೊಡ್ಡದೆನಿಸುತ್ತದೆ. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆಂದು 1887ರಲ್ಲಿ ಅರೇನಿಯಸ್ ವಿವರಿಸಿದಾಗ ಗುಣಕದ ಅರ್ಥ ಬೆಳಕಿಗೆ ಬಂತು.

ಆಸ್ಮೊಲಾರಿಟಿ ಎಂದರೆ ಇಷ್ಟೇ: ತೂಕವನ್ನಲ್ಲ, ಕಣಗಳನ್ನು ಎಣಿಸುವುದು. ಒಂದು ಲೀಟರಿನ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಅಣುತೂಕ 180ರಿಂದ ಭಾಗಿಸಿದರೆ 75 ಮಿಲಿಮೋಲ್. ಅದು ಒಡೆಯದು, ಹಾಗಾಗಿ 75 ಮಿಲಿಆಸ್ಮೋಲ್. ಉಪ್ಪು ಬರೀ 2.6 ಗ್ರಾಂ, ಸುಮಾರು 44.5 ಮಿಲಿಮೋಲ್, ಎರಡಾಗಿ ಒಡೆದು 89. ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಅದರಿಂದ 40. ಸಿಟ್ರೇಟ್ 2.9 ಗ್ರಾಂ, ನಾಲ್ಕು ಕಣಗಳಾಗಿ ಅದೂ 40. ಒಟ್ಟು ಸುಮಾರು 245. ಹಳೆಯ ಪೊಟ್ಟಣದಲ್ಲಿ ಇದು 311 ಇತ್ತು, ರಕ್ತಕ್ಕಿಂತ ಕೊಂಚ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಅದನ್ನು ಇಳಿಸಿತು.

ಬರ್ಲಿನ್ನಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ವಾಂಟ್ ಹಾಫ್ 1911ರ ಮಾರ್ಚ್ 1ರಂದು ಕ್ಷಯದಿಂದ ತೀರಿಕೊಂಡರು. ಅವರ ಲೆಕ್ಕ ಮಾತ್ರ ನಮ್ಮ ಅಡುಗೆಮನೆಯಲ್ಲಿ ಇಂದಿಗೂ ತಪ್ಪುತ್ತಿರುತ್ತದೆ. ಲೀಟರಿನ ಪೊಟ್ಟಣವನ್ನು 200 ಮಿಲಿಲೀಟರಿನ ಲೋಟಕ್ಕೆ ಸುರಿದರೆ 245 ಐದು ಪಟ್ಟಾಗಿ 1,225 ತಲುಪುತ್ತದೆ. ಆ ದ್ರಾವಣ ಮಗುವಿನ ಮೈನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಒಂದು ಲೀಟರ್ ಎಂಬುದನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ದಪ್ಪಕ್ಷರದಲ್ಲಿ ಅಚ್ಚುಹಾಕಿದ ಪೊಟ್ಟಣವನ್ನು ನಾನಿನ್ನೂ ಕಂಡಿಲ್ಲ.