ಟೀಚರ್‌ಗಳಿಗೆ ಪಾಠ ಹೇಳಿದ ಡಾಕ್ಟರ್

ಬಿ.ಕಾಂ. ಮುಗಿಸಿ ಮಾಂಟೆಸ್ಸರಿ ಟೀಚರ್ ಟ್ರೇನಿಂಗ್‌ಗೆ ಸೇರುತ್ತೇನೆ ಎಂದಾಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋಕೂ ಟ್ರೇನಿಂಗ್ ಬೇಕಾ? ನಿಮ್ಮಜ್ಜಿ ಯಾವ ಕೋರ್ಸ್ ಮಾಡಿ ಅಷ್ಟು ಮಕ್ಕಳನ್ನು ಸಾಕಿದರು? ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಗೆಳತಿಯರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಪಾಪ ಎನ್ನುವಂತೆ ನೋಡಿದರು. ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ, ಆ ಕೋರ್ಸಿಗೆ ತನ್ನ ಹೆಸರು ಕೊಟ್ಟ ಹೆಣ್ಣುಮಗಳ ಬದುಕು. ಮಾಂಟೆಸ್ಸರಿ ಎನ್ನುವುದು ಶಾಲೆಯ ಬೋರ್ಡಿನ ಮೇಲೆ ಬರೆಯುವ ಪದ ಮಾತ್ರವಲ್ಲ, ಒಬ್ಬ ವೈದ್ಯೆಯ ಹೆಸರು.

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಎಂಬ ಊರಿನಲ್ಲಿ. ತಂದೆ ಸರ್ಕಾರಿ ನೌಕರ. ಓದಿನಲ್ಲಿ ಚುರುಕಾದ ಹುಡುಗಿಗೆ ಆಗ ಎಲ್ಲರೂ ತೋರಿಸುತ್ತಿದ್ದ ದಾರಿ ಟೀಚರ್ ಕೆಲಸ. ಮರಿಯಾಗೆ ಅದೊಂದು ಬೇಡವಾಗಿತ್ತು. ಎಂಜಿನಿಯರ್ ಆಗಬೇಕೆಂದು ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆಗೆ ಹೋದರು, ಆಮೇಲೆ ಮನಸ್ಸು ವೈದ್ಯಕೀಯಕ್ಕೆ ತಿರುಗಿತು. ಅಪ್ಪನಿಗೆ ಇಷ್ಟವಿರಲಿಲ್ಲ, ಅಮ್ಮ ಬೆನ್ನಿಗೆ ನಿಂತರು. ಗಂಡಸರ ಜೊತೆ ನಿಂತು ಹೆಣ ಕೊಯ್ದು ಕಲಿಯುವುದು ಹೆಣ್ಣಿಗೆ ಸಲ್ಲದು ಎಂಬ ಕಾಲ ಅದು. ಹಾಗಾಗಿ ಎಲ್ಲರೂ ಹೋದ ಮೇಲೆ ಒಬ್ಬರೇ ಶವದ ಮುಂದೆ ನಿಂತು ಕಲಿತರು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದ ಪದವಿ ಪಡೆದು, ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾದರು.

ಬೇಡವೆಂದ ಟೀಚರ್ ಕೆಲಸದ ಕಡೆಗೆ ಅವರನ್ನು ಎಳೆತಂದದ್ದು ಆಸ್ಪತ್ರೆಯೇ. ವಿಶ್ವವಿದ್ಯಾಲಯದ ಮನೋವೈದ್ಯ ಚಿಕಿತ್ಸಾಲಯದ ಕೆಲಸಕ್ಕಾಗಿ ಅವರು ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಿತ್ತು. ಬುದ್ಧಿ ಬೆಳೆದಿಲ್ಲ ಎಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ಅಲ್ಲಿ ದೊಡ್ಡವರ ಜೊತೆಗೇ ಕೂಡಿಹಾಕಿದ್ದರು. ಬರಿಯ ಕೋಣೆ, ಮುಟ್ಟಲು ಆಡಲು ಒಂದು ಸಾಮಾನೂ ಇಲ್ಲ. ಈ ಮಕ್ಕಳಿಗೆ ಔಷಧಿಗಿಂತ ಹೆಚ್ಚಾಗಿ ಕಲಿಕೆ ಬೇಕು ಎಂದು ಮರಿಯಾಗೆ ಅನ್ನಿಸಿತು. ಫ್ರಾನ್ಸಿನ ಇತಾರ್ ಮತ್ತು ಸೆಗೆ ಎಂಬ ವೈದ್ಯರ ಪುಸ್ತಕಗಳನ್ನು ಓದಿ, ಕೈಯಲ್ಲಿ ಹಿಡಿದು ಕಲಿಯುವ ಸಾಧನಗಳನ್ನು ಮಾಡಿಸಿದರು. 1900ರಲ್ಲಿ ರೋಮ್‌ನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಟೀಚರ್‌ಗಳಿಗಾಗಿಯೇ ಒಂದು ತರಬೇತಿ ಸಂಸ್ಥೆ ಶುರುವಾದಾಗ ಅದರ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದರು. ಯಾರಿಂದಲೂ ಆಗದು ಎಂದು ಕೈಬಿಟ್ಟ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು ಬೇರೆ ಮಕ್ಕಳ ಜೊತೆ ಪರೀಕ್ಷೆಯನ್ನೂ ಪಾಸು ಮಾಡಿದರು. ಎಲ್ಲರೂ ಹೊಗಳುತ್ತಿದ್ದರೆ ಇವರಿಗೆ ಬೇರೆಯದೇ ಚಿಂತೆ. ಚೆನ್ನಾಗಿರುವ ಮಕ್ಕಳು ಇವರಿಗಿಂತ ಎಷ್ಟೋ ಮುಂದಿರಬೇಕಿತ್ತಲ್ಲ, ಶಾಲೆಗಳು ಅವರನ್ನು ಏನು ಮಾಡುತ್ತಿವೆ ಎಂದು.

ಈ ಗೆಲುವಿನ ಹಿಂದೆ ಒಂದು ನೋವಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ವೈದ್ಯರಿಂದ 1898ರಲ್ಲಿ ಅವರಿಗೆ ಮಾರಿಯೋ ಎಂಬ ಗಂಡುಮಗು ಹುಟ್ಟಿತು. ಮದುವೆಯಾಗಿರಲಿಲ್ಲ. ವಿಷಯ ಹೊರಗೆ ಬಂದರೆ ವೃತ್ತಿ ಅಲ್ಲಿಗೆ ಮುಗಿದಂತೆ. ಮಗುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಸಲು ಬಿಟ್ಟರು. ಲೋಕದ ಮಕ್ಕಳ ಬಗ್ಗೆ ಬರೆದ ತಾಯಿ ತನ್ನ ಮಗುವನ್ನು ಆಗೀಗ ಹೋಗಿ ನೋಡಿ ಬರಬೇಕಾಯಿತು. ಮಾರಿಯೋ ಬೆಳೆದ ಮೇಲೆ ಅಮ್ಮನ ಬಳಿ ಬಂದರು, ಕೊನೆಯವರೆಗೂ ಜೊತೆಗೆ ದುಡಿದರು.

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ಬಾಗಿಲು ತೆರೆಯಿತು. ಅಪ್ಪ ಅಮ್ಮ ಕೂಲಿಗೆ ಹೋದರೆ ಮಕ್ಕಳು ದಿನವಿಡೀ ಗೋಡೆ ಮೆಟ್ಟಿಲು ಹಾಳು ಮಾಡುತ್ತಾರೆ ಎಂದು ಕಟ್ಟಡದವರೇ ಕೊಟ್ಟ ಕೋಣೆ ಅದು. ಸುಮಾರು ಐವತ್ತು ಮಕ್ಕಳು. ನೋಡಿಕೊಳ್ಳಲು ಸಿಕ್ಕಿದ್ದು ಯಾವ ತರಬೇತಿಯೂ ಇಲ್ಲದ ಒಬ್ಬ ಯುವತಿ. ಮರಿಯಾ ಇದನ್ನು ಕೊರತೆ ಎಂದುಕೊಳ್ಳಲಿಲ್ಲ. ಬೆತ್ತ ಹಿಡಿಯುವ, ಬಾಯಿಪಾಠ ಮಾಡಿಸುವ ಹಳೇ ಅಭ್ಯಾಸಗಳಾದರೂ ಅವಳಿಗಿಲ್ಲವಲ್ಲ ಎಂದು ನೆಮ್ಮದಿಪಟ್ಟರು. ಸಾಧನ ಬಳಸುವುದನ್ನು ತೋರಿಸು, ಆಮೇಲೆ ಮಕ್ಕಳ ಕೆಲಸಕ್ಕೆ ಅಡ್ಡ ಬರಬೇಡ ಎಂದು ಹೇಳಿಕೊಟ್ಟರು. ಕೆಲವೇ ತಿಂಗಳಲ್ಲಿ ಅದೇ ಮಕ್ಕಳು ತಾವಾಗಿ ಸಾಮಾನು ಎತ್ತಿಡುತ್ತಿದ್ದರು, ಒಂದೇ ಕೆಲಸದಲ್ಲಿ ಮೈಮರೆಯುತ್ತಿದ್ದರು, ನಾಲ್ಕೈದು ವರ್ಷಕ್ಕೇ ಬರೆಯುತ್ತಿದ್ದರು.

ಹಾಗಾದರೆ ತರಬೇತಿಯೇ ಬೇಡ ಅಂತಲ್ಲವೇ ಎಂದು ನೀವು ಕೇಳಬಹುದು. ಮರಿಯಾ ಮಾಡಿದ್ದು ಅದಕ್ಕೆ ತದ್ವಿರುದ್ಧ. ಆ ಯುವತಿಯ ಹಿಂದೆ ದಿನವೂ ನೋಡಿ, ಬರೆದುಕೊಂಡು, ಬದಲಾಯಿಸುವ ಡಾಕ್ಟರ್ ಒಬ್ಬರಿದ್ದರು. ಪ್ರತಿ ಕೋಣೆಯಲ್ಲೂ ಡಾಕ್ಟರ್ ಇರಲು ಸಾಧ್ಯವಿಲ್ಲ, ಆದ್ದರಿಂದ ಆ ನೋಡುವ ಕಣ್ಣನ್ನು ಟೀಚರ್‌ಗೇ ಕೊಡಬೇಕು. 1909ರಲ್ಲಿ ಚಿತ್ತಾ ದಿ ಕಸ್ತೆಲ್ಲೊ ಎಂಬ ಊರಿನಲ್ಲಿ ಸುಮಾರು ನೂರು ಮಂದಿಗೆ ಮೊದಲ ಕೋರ್ಸ್ ನಡೆಸಿದರು. 1913ರಲ್ಲಿ ರೋಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕೋರ್ಸಿಗೆ ಬೇರೆ ಬೇರೆ ದೇಶಗಳಿಂದ ಟೀಚರ್‌ಗಳು ಬಂದರು. ಅಷ್ಟರಲ್ಲಿ ಅವರು ವೈದ್ಯವೃತ್ತಿಯನ್ನು ಬಿಟ್ಟಿದ್ದರು. ಮುಂದಿನ ಬದುಕೆಲ್ಲ ಟೀಚರ್‌ಗಳ ತರಬೇತಿಯೇ.

ಆ ತರಬೇತಿಯ ಸ್ವರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಗುಂಡಿ ಹಾಕುವ ಚೌಕಟ್ಟು, ಉಪ್ಪುಕಾಗದದ ಅಕ್ಷರಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳು ಹೀಗೆ ಪ್ರತಿ ಸಾಧನವನ್ನೂ ನಾವೇ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಮಾಡಬೇಕು. ಪ್ರತಿಯೊಂದರ ಬಗ್ಗೆ ಬರೆದು ಚಿತ್ರ ಹಾಕಿ ಆಲ್ಬಮ್ ಮಾಡಬೇಕು. ಕಷ್ಟ ಇರುವುದು ಇವೆರಡರಲ್ಲೂ ಅಲ್ಲ. ಮಕ್ಕಳ ಕೋಣೆಯ ಮೂಲೆಯಲ್ಲಿ ಗಂಟೆಗಟ್ಟಲೆ ಬಾಯಿಮುಚ್ಚಿ ಕೂತು ನೋಡಿದ್ದನ್ನು ಮಾತ್ರ ಬರೆಯುವುದರಲ್ಲಿ. ಮಗು ನೀರು ಚೆಲ್ಲಿತು ಎಂದು ಬರೆಯಬಹುದು, ತುಂಟ ಎಂದು ಬರೆಯುವಂತಿಲ್ಲ. ರೋಗಿಯನ್ನು ಪರೀಕ್ಷಿಸುವ ವೈದ್ಯರ ಶಿಸ್ತನ್ನೇ ಅವರು ಟೀಚರ್ ಕೆಲಸಕ್ಕೆ ತಂದಿದ್ದರು. ಅಜ್ಜಿಯ ಪ್ರೀತಿ ಬೇಕೇ ಬೇಕು. ಆದರೆ ಬೇರೆಯವರ ಮೂವತ್ತು ಮಕ್ಕಳು ಒಂದು ಕೋಣೆಯಲ್ಲಿದ್ದಾಗ, ಮಾತು ತಡವಾದ ಮಗುವನ್ನೂ ಸುಮ್ಮನಿರುವ ಮಗುವನ್ನೂ ಗುರುತಿಸಲು ಪ್ರೀತಿಯೊಂದೇ ಸಾಲದು.

ಅವರಲ್ಲಿ ಎಲ್ಲವೂ ಒಪ್ಪುವಂಥದ್ದೇ ಇತ್ತು ಎನ್ನಲಾರೆ. ಅವರ ಡಿಪ್ಲೊಮಾ ಪಡೆದವರು ಮಕ್ಕಳಿಗೆ ಕಲಿಸಬಹುದಿತ್ತು, ಬೇರೆ ಟೀಚರ್‌ಗಳನ್ನು ತಯಾರು ಮಾಡುವಂತಿರಲಿಲ್ಲ. ಆ ಹಕ್ಕನ್ನು ಅವರು ತಮ್ಮ ಹಿಡಿತದಲ್ಲೇ ಇಟ್ಟುಕೊಂಡರು. ಗುಣಮಟ್ಟ ಉಳಿಯಿತು ನಿಜ. ಆದರೆ ಕೂಲಿಕಾರರ ಮಕ್ಕಳಿಂದ ಶುರುವಾದ ಪದ್ಧತಿ ಬಹಳ ಕಡೆ ದುಡ್ಡಿದ್ದವರ ಶಾಲೆಯಾಗಿ ಹೋಯಿತು.

1934ರಲ್ಲಿ ಮುಸೊಲಿನಿಯ ಸರ್ಕಾರದ ಜೊತೆ ಸಂಬಂಧ ಮುರಿದು ಇಟಲಿ ಬಿಟ್ಟರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಬಾರ್ಸಿಲೋನಾದಿಂದ ಓಡಿಸಿತು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಕರೆಗೆ ಒಪ್ಪಿ ಮಗನೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದರು. ಆಗ ವಯಸ್ಸು 69. ದೇಶದ ನಾನಾ ಕಡೆಯಿಂದ ಸುಮಾರು 300 ಮಂದಿ ಕಲಿಯಲು ಬಂದಿದ್ದರು. ಅವರು ಇಟಾಲಿಯನ್‌ನಲ್ಲಿ ಪಾಠ ಹೇಳಿದರೆ ಮಾರಿಯೋ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. 1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷರಿಗೆ ತಾಯಿ ಮಗ ಇಬ್ಬರೂ ಶತ್ರುದೇಶದವರಾದರು. ಮಾರಿಯೋನನ್ನು ಬಂಧಿಸಿಟ್ಟರು, ಕೆಲವು ತಿಂಗಳ ಬಳಿಕ ಬಿಟ್ಟರು. ತಾಯಿಯ ಓಡಾಟಕ್ಕೂ ನಿರ್ಬಂಧ ಬಿತ್ತು. ಆದರೂ ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ, ಆಮೇಲೆ ಬೇರೆ ಊರುಗಳಲ್ಲಿ ಪಾಠ ನಿಲ್ಲಲಿಲ್ಲ. ಭಾರತದಲ್ಲಿ ಅವರ ಕೈಕೆಳಗೆ ಕಲಿತವರು ಸಾವಿರಕ್ಕೂ ಹೆಚ್ಚು. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನಲ್ಲಿ ಅವರು ತೀರಿಕೊಂಡರು.

ಈ ಕ್ಷೇತ್ರಕ್ಕೆ ಬರುವ ಯೋಚನೆ ಇದ್ದವರಿಗೆ ಒಂದು ಮಾತು. ಮಾಂಟೆಸ್ಸರಿ ಎಂಬ ಹೆಸರನ್ನು ಯಾವ ಶಾಲೆ ಬೇಕಾದರೂ ಹಾಕಿಕೊಳ್ಳಬಹುದು, ಯಾರು ಬೇಕಾದರೂ ಆ ಹೆಸರಿನಲ್ಲಿ ಕೋರ್ಸ್ ನಡೆಸಬಹುದು. ಫೀಸು ಕಟ್ಟುವ ಮೊದಲು ಕೇಳಿ. ಮಕ್ಕಳನ್ನು ಗಮನಿಸಲು ಎಷ್ಟು ಗಂಟೆ ಇದೆ? ಸಾಧನಗಳು ನಮ್ಮ ಕೈಗೆ ಸಿಗುತ್ತವೆಯೇ? ಡಿಪ್ಲೊಮಾ ಕೊಡುವವರು ಯಾರು, ಅದನ್ನು ಯಾರು ಒಪ್ಪುತ್ತಾರೆ? ಹಣವಿಲ್ಲದವರಿಗೆ ದಾರಿ ಇಲ್ಲವೆಂದೇನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ, ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿ ಆಗಬೇಕು ಎಂದಿದೆ. ಅದು ಪ್ರತಿ ಅಂಗನವಾಡಿಗೂ ನಿಜವಾಗಿ ತಲುಪಬೇಕು, ಜೊತೆಗೆ ಸಂಬಳವೂ ಏರಬೇಕು. ನನ್ನ ಮೊದಲ ಸಂಬಳವನ್ನು ಇಲ್ಲಿ ಬರೆದರೆ ನೀವು ನಕ್ಕೀರಿ. ಆದರೂ ಕೆಲಸ ಬಿಟ್ಟಿಲ್ಲ. ಈ ವಾರ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸೇರಿದೆ: ಜೂನ್‌ನಿಂದ ಮಾತೇ ಆಡದಿದ್ದ ಮಗು, ಹತ್ತನೇ ಘನ ಇಟ್ಟ ಮೇಲೆ ಪಕ್ಕದ ಮಗುವನ್ನು ಹೆಸರು ಹಿಡಿದು ಕರೆಯಿತು.