ಟೊಮೆಟೊ ಕುದಿಸಿ ಬಾಟಲಿಗೆ ತುಂಬಿದರೆ ವರ್ಷವಿಡೀ ಕೆಡುವುದಿಲ್ಲವೇ?

ಮನೆಯಲ್ಲಿ ಬೆಳೆದ ಟೊಮೆಟೊ ಕುದಿಸಿ, ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ ಸಾಕು, ವರ್ಷವಿಡೀ ಬಳಸಬಹುದು ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯಲು ಈ ವಿಧಾನದ ಜನಕ ನಿಕೋಲಾ ಅಪೇರ್ ಅವರ ಬದುಕನ್ನು ನೋಡೋಣ.

ಅಪೇರ್ 1749ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದರು. ತಂದೆ ವಸತಿಗೃಹ ನಡೆಸುತ್ತಿದ್ದರು. ಮಗ ಪ್ಯಾರಿಸ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಜೈಲನ್ನೂ ಕಂಡರು. ಆಹಾರ ಕೆಡದಂತೆ ಇಡುವುದು ಹೇಗೆಂದು ವರ್ಷಗಟ್ಟಲೆ ಪ್ರಯೋಗ ನಡೆಸಿದ ಅವರು, ಪ್ಯಾರಿಸ್ ಬಳಿಯ ಮಾಸಿಯಲ್ಲಿ ಕಾರ್ಖಾನೆ ತೆರೆದರು.

ಅವರ ವಿಧಾನ ಸರಳ. ಮೊದಲು ಗಾಜಿನ ಬಾಟಲಿಗೆ ಆಹಾರ ತುಂಬಿ ಬಿರಡೆಯಿಂದ ಭದ್ರವಾಗಿ ಮುಚ್ಚುವುದು. ಆಮೇಲೆ ಬಾಟಲಿಯನ್ನೇ ಕುದಿಯುವ ನೀರಿನಲ್ಲಿಟ್ಟು ಕಾಯಿಸುವುದು. ಟೊಮೆಟೊವನ್ನೂ ಅವರು ಹೀಗೆಯೇ ಇಟ್ಟರು.

ನೆಪೋಲಿಯನ್ 1795ರಲ್ಲಿ ಘೋಷಿಸಿದ ಬಹುಮಾನವನ್ನು ಅಪೇರ್ ಗೆದ್ದರು ಎಂಬ ಕಥೆ ಎಲ್ಲೆಡೆ ಇದೆ. ಆದರೆ ಆಗ ನೆಪೋಲಿಯನ್ ಒಬ್ಬ ಸೇನಾಧಿಕಾರಿ ಮಾತ್ರ, ಚಕ್ರವರ್ತಿಯಾದದ್ದು 1804ರಲ್ಲಿ. ಅಪೇರ್‌ಗೆ 12,000 ಫ್ರಾಂಕ್ ಕೊಟ್ಟದ್ದು 1810ರಲ್ಲಿ, ಫ್ರಾನ್ಸಿನ ಒಳಾಡಳಿತ ಸಚಿವಾಲಯ. ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಬೇಕು ಎಂಬುದು ಷರತ್ತು. ಗುಟ್ಟು ಎಲ್ಲರದಾಯಿತು. 1814ರ ಯುದ್ಧದಲ್ಲಿ ಮಾಸಿಯ ಕಾರ್ಖಾನೆ ನಾಶವಾಯಿತು. 1841ರಲ್ಲಿ, 91ನೇ ವಯಸ್ಸಿನಲ್ಲಿ, ಅಪೇರ್ ಬಡತನದಲ್ಲೇ ತೀರಿಕೊಂಡರು.

ಆಹಾರ ಕೆಡಿಸುವುದು ಸೂಕ್ಷ್ಮಜೀವಿಗಳು ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಅಪೇರ್ ತೀರಿಕೊಂಡ ಮೇಲೆ. ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕುತ್ತವೆ ಎಂದು ಅಪೇರ್‌ಗೆ ಗೊತ್ತಿರಲಿಲ್ಲ. ಗಾಳಿಯಾಡದ ಬಾಟಲಿಯಲ್ಲಿ ಅವು ಮೊಳೆತು ವಿಷ ಉಂಟುಮಾಡಬಹುದು. ಆಗಲೂ ವಾಸನೆ, ರುಚಿ ಬದಲಾಗದೇ ಇರಬಹುದು. ಇವನ್ನು ತಡೆಯುವುದು ಹುಳಿ: ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಟೊಮೆಟೊ ಈ ಗಡಿಯ ಆಸುಪಾಸಿನಲ್ಲೇ ಇರುತ್ತದೆ. ಕೆಲವು ಹಣ್ಣು ಗಡಿ ದಾಟುತ್ತವೆ.

ಹಾಗಾಗಿ ಅರ್ಧ ಲೀಟರ್ ಟೊಮೆಟೊಗೆ ಅಂಗಡಿಯ ಬಾಟಲಿ ನಿಂಬೆರಸ ಒಂದು ದೊಡ್ಡ ಚಮಚ ಬೆರೆಸಬೇಕು. ಮನೆಯ ನಿಂಬೆಯ ಹುಳಿ ಹಣ್ಣಿಂದ ಹಣ್ಣಿಗೆ ಬೇರೆ. ನಂತರ ಮುಚ್ಚಿದ ಜಾರನ್ನು, ಪರೀಕ್ಷಿಸಿದ ವಿಧಾನ ಹೇಳುವಷ್ಟು ಹೊತ್ತು, ಕುದಿಯುವ ನೀರಿನಲ್ಲಿ ಇಡಬೇಕು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಇನ್ನಷ್ಟು ಹೊತ್ತು ಬೇಕು. ಇಷ್ಟೆಲ್ಲ ಆಗದಿದ್ದರೆ ಫ್ರೀಜರ್‌ನಲ್ಲಿಡಿ. ಮುಚ್ಚಳ ಉಬ್ಬಿದ್ದರೆ ರುಚಿ ನೋಡದೆ ಎಸೆಯಿರಿ.

ನಮ್ಮ ತೀರ್ಮಾನ: ಕುದಿಸಿ ತುಂಬಿದರೆ ಸಾಕು ಎಂಬುದು ತಪ್ಪು. ಅಂಥ ಮೆಸೇಜ್ ಬಂದರೆ ಮುಂದೆ ಕಳಿಸುವಾಗ ನಿಂಬೆರಸದ ವಿಷಯವನ್ನೂ ಸೇರಿಸಿ ಕಳಿಸಿ.